ಗೇರ್ ಎಣ್ಣೆಯ ಧಾರೆ ಹನಿಯಾಗುವವರೆಗೆ

ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂರುವುದೂ ನಮ್ಮ ಯಜಮಾನರು ಪಿಕಪ್ ಹೊರಡಿಸುವುದೂ ಒಂದೇ ಹೊತ್ತಿಗೆ. ದೇವರ ಕೋಣೆಯ ಕಿಟಕಿ ಅಂಗಳದ ಕಡೆಗೇ ಇದೆ. ಎಂಜಿನ್ ಶುರುವಾಗುವುದು, ಇವರು ಕೆಮ್ಮುವುದು, ಗೇರಿನ ಹಿಡಿ ಎಳೆಯುವುದು ಎಲ್ಲ ಕೇಳಿಸುತ್ತದೆ. ಮೊದಲೆಲ್ಲ ಹಿಡಿ ಎಳೆದ ಕೂಡಲೇ ಗಾಡಿ ಮೆತ್ತಗೆ ಹಿಂದಕ್ಕೆ ಸರಿದು ಗೇಟು ದಾಟುತ್ತಿತ್ತು. ದೀಪಾವಳಿ ಕಳೆದ ಮೇಲೆ ನಡುವೆ ಒಂದು ಮೌನ ಬಂದು ಸೇರಿಕೊಂಡಿತು. ಹಿಡಿ ಎಳೆಯುತ್ತಾರೆ, ಗಾಡಿ ಸುಮ್ಮನೆ ನಿಂತಿರುತ್ತದೆ, ಆಮೇಲೆ ಯಾರೋ ಗುದ್ದಿದ ಹಾಗೆ ‘ಢಕ್’ ಅನ್ನುತ್ತದೆ. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದರೂ ನನ್ನ ಮನಸ್ಸು ಆ ಢಕ್‌ಗೆ ಕಾಯುತ್ತಿತ್ತು. ಶಿವನಿಗೆ ಗೊತ್ತು, ಆ ತಿಂಗಳು ನಾನು ಮಾಡಿದ್ದು ಅರ್ಧ ಪೂಜೆ ಮಾತ್ರ.

ನಮ್ಮದು ಟಿ. ದಾಸರಹಳ್ಳಿ. ಪೀಣ್ಯದ ಸಣ್ಣಪುಟ್ಟ ಕಾರ್ಖಾನೆಗಳಿಗೆ ರಟ್ಟಿನ ಪೆಟ್ಟಿಗೆ ಕೊಟ್ಟು ಬರುವುದು ಇವರ ಕೆಲಸ. ಕೆಲವು ವರ್ಷಗಳ ಹಿಂದೆ ಲಾರಿ ತಾಗಿ ಇವರ ಎಡ ಮಂಡಿಗೆ ರಾಡು ಹಾಕಿದರು. ಅಂದಿನಿಂದ ಮಂಡಿ ಮಡಿಸಲು ಬರುವುದಿಲ್ಲ, ಕ್ಲಚ್ ತುಳಿಯುವ ಮಾತೇ ಇಲ್ಲ. ಒಂದಿಡೀ ವರ್ಷ ನಡುಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಆಮೇಲೆ ಕ್ಲಚ್ ಇಲ್ಲದ, ಗೇರು ತಾನೇ ಬದಲಾಗುವ ಈ ಹಳೆಯ ಪಿಕಪ್ ಸಿಕ್ಕಿತು. ಮೊದಲ ದಿನ ಗಾಡಿ ಓಡಿಸಿ ಬಂದವರು ತಾವೇ ಕೇಳಿ ಎರಡನೇ ಸಲ ಅನ್ನ ಬಡಿಸಿಕೊಂಡರು. ಹಾಗಾಗಿ ನನಗೆ ಅದು ಬರೀ ಗಾಡಿಯಲ್ಲ. ಅದು ನಿಂತರೆ ಇವರು ಮತ್ತೆ ಆ ಕುರ್ಚಿಗೆ ಹೋಗಿ ಕೂರುತ್ತಾರೆ.

ತೋರಿಸಲು ಹೋದ ದೊಡ್ಡ ಸರ್ವಿಸ್ ಸೆಂಟರಿನವರು, “ಇದು ಸೀಲ್ಡ್ ಮೇಡಂ, ಗೇರ್ ಎಣ್ಣೆ ಬದಲಾಯಿಸೋ ಹಾಗೇ ಇಲ್ಲ. ಹಿಂಗೆ ಎಳೀತಿದೆ ಅಂದ್ರೆ ಪೂರ್ತಿ ಗೇರ್‌ಬಾಕ್ಸೇ ಇಳಿಸ್ಬೇಕು” ಎಂದರು. ನಮ್ಮ ಬೀದಿಯ ಮೆಕ್ಯಾನಿಕ್ ಕೈ ಮುಗಿದೇ ಬಿಟ್ಟ. “ಮಾಮೂಲಿ ಗೇರಾದ್ರೆ ಕಣ್ಮುಚ್ಕೊಂಡು ಮಾಡ್ತೀನಿ ಅಕ್ಕ. ಆಟೋಮ್ಯಾಟಿಕ್ ಬಿಚ್ಚಿ ಪಾಪ ಕಟ್ಕೊಳ್ಳಲ್ಲ.” ಈ ಸುದ್ದಿ ಹೇಗೋ ಗಾಡಿ ಬ್ರೋಕರ್ ಕಿವಿಗೆ ಬಿತ್ತು. ಇದ್ದ ಸ್ಥಿತಿಯಲ್ಲೇ ತೆಗೆದುಕೊಳ್ಳುತ್ತೇನೆ, ಸೋಮವಾರ ಬಂದು ನೋಡುತ್ತೇನೆ ಎಂದು ಫೋನು ಮಾಡಿದ. ಇವರು ಬರಬೇಡ ಅನ್ನಲಿಲ್ಲ.

ದಾರಿ ತೋರಿಸಿದ್ದು ನನ್ನ ಮೈದುನ. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಫಿಟ್ಟರ್.

“ಜೀವ ಇರೋವರ್ಗೂ ಎಣ್ಣೆ ಬದ್ಲಾಯಿಸೋದ್ ಬೇಡ ಅಂತಾರೆ ಅತ್ತಿಗೆ. ಯಾರ್ ಜೀವ ಅಂತ ಹೇಳಲ್ಲ ನೋಡಿ. ಮೊದ್ಲು ಎಣ್ಣೆ ಬದ್ಲಾಯ್ಸಿ ನೋಡಣ, ಗೇರ್‌ಬಾಕ್ಸ್ ಇಳ್ಸೋದು ಆಮೇಲಿನ ಮಾತು” ಎಂದ. ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹುಡುಕಿ ಕೊಂಡ. ಗುರುವಾರ ರಜೆ ಹಾಕಿ ಬರುವವನಿದ್ದ. ಅಷ್ಟರಲ್ಲಿ ಅವನ ಶಿಫ್ಟ್ ಬದಲಾಗಿ, ಅವನು ಬರುವ ಬದಲು ಎಣ್ಣೆಯ ಡಬ್ಬಗಳು ಬಂದವು.

“ಈಗ ಯಾರು ಮಾಡೋದು?” ಎಂದರು ಇವರು.

ಇವರ ಮಂಡಿ ಮಡಚುವುದಿಲ್ಲ. ಅತ್ತೆಗೆ ಎಪ್ಪತ್ತು ದಾಟಿದೆ. ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಪಿಕಪ್ಪು ನೆಲದಿಂದ ಎತ್ತರ ಇರುವುದರಿಂದ ಜಾಕಿ ಕೊಡದೆಯೇ ನನ್ನಂಥ ಸಣಕಲಿ ಕೆಳಗೆ ತೂರಬಹುದು. ಮೈಯಲ್ಲಿ ಮಾಂಸ ಇಲ್ಲ ಎಂದು ಬಂದವರೆಲ್ಲ ಆಡಿಕೊಳ್ಳುವ ಈ ದೇಹವೂ ಒಂದು ಉಪಕಾರವೇ ಎಂದು ಆವತ್ತು ಅನ್ನಿಸಿತು.

ಕೊರಳ ಲಿಂಗದ ಕರಡಿಗೆಯನ್ನು ರವಿಕೆಯೊಳಗೆ ಭದ್ರ ಮಾಡಿಕೊಂಡೆ. ಮೇಲೆ ಇವರ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್. ಗಾಡಿ ಎಂದಿನಂತೆ ಮೂತಿ ಮನೆಯ ಕಡೆಗೆ, ಬಾಲ ಗೇಟಿನ ಕಡೆಗೆ ನಿಂತಿತ್ತು. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ಹಾಸಿಕೊಂಡು ಒಳಗೆ ತೂರಿದೆ. ನಮ್ಮ ಮನೆಯಲ್ಲಿ ರಟ್ಟಿಗೆ ಬರವಿಲ್ಲ.

“ಗಾಡಿ ಕೆಳಗೆ ಮಲಗೋ ಸೊಸೇನ ಇದೇ ಮೊದ್ಲು ನೋಡ್ತಿರೋದು ಕಣಮ್ಮ” ಎಂದರು ಅತ್ತೆ.

ಎದುರುಮನೆಯಾಕೆ ಗೇಟಿನಿಂದಲೇ ಬಗ್ಗಿ, “ಏನ್ರೀ, ಏನಾದ್ರೂ ಬಿದ್ದೋಯ್ತಾ ಕೆಳಗೆ?” ಎಂದು ಕೇಳಿದರು.

“ಇಲ್ಲ ಕಣ್ರೀ, ನಾನೇ ಬಿದ್ದಿದೀನಿ.”

ಎಂಜಿನ್ ಎಣ್ಣೆಗಾದರೆ ಕಡ್ಡಿ ಇರುತ್ತದೆ. ಎಳೆದು, ಒರೆಸಿ, ಅದ್ದಿ ನೋಡಿದರೆ ಮಟ್ಟ ತಿಳಿಯುತ್ತದೆ. ಈ ಗಾಡಿಯ ಗೇರ್‌ಬಾಕ್ಸಿಗೆ ಕಡ್ಡಿಯೇ ಇಲ್ಲ. ಪಕ್ಕದಲ್ಲಿ ಎಣ್ಣೆ ತುಂಬುವ ಬಾಯಿಗೆ ಒಂದು ನಟ್ಟು, ತಳದಲ್ಲಿ ಇಳಿಸಲು ಒಂದು ನಟ್ಟು, ಅದರಿಂದ ಸ್ವಲ್ಪ ಹಿಂದೆ ಮಟ್ಟ ನೋಡಲು ಇನ್ನೊಂದು. ಮೈದುನ ಒಂದು ಮಾತನ್ನು ಬಾಯಿಪಾಠ ಮಾಡಿಸಿದ್ದ: “ಮೊದ್ಲು ತುಂಬೋ ನಟ್ಟು ಬಿಚ್ಚಿ. ಅದು ಬಿಚ್ಚಿದ್ಮೇಲೇ ಕೆಳಗಿಂದು ಮುಟ್ಟಿ.” ಇದು ನನಗೆ ಚೆನ್ನಾಗಿ ಅರ್ಥವಾಯಿತು. ಒಲೆಯಲ್ಲಿ ಗ್ಯಾಸ್ ಇದೆಯೇ ಎಂದು ನೋಡದೆ ಹಿಟ್ಟು ಕಲಸಿಕೊಂಡು ಕೂರುವವರುಂಟೇ? ಇರುವ ಎಣ್ಣೆಯನ್ನು ಇಳಿಸಿಬಿಟ್ಟು, ಆಮೇಲೆ ತುಂಬುವ ಬಾಯಿ ತೆರೆಯದೇ ಹೋದರೆ ಗಾಡಿ ಅಂಗಳದಲ್ಲೇ ಕೂರಬೇಕು.

ಅದು ತೆರೆಯಲೇ ಇಲ್ಲ. ಪಾನಾ ಹಾಕಿ ಜಗ್ಗಿದೆ, ಒದ್ದೆ, ಶಿವನನ್ನು ಕೂಗಿದೆ. ತುಕ್ಕು ಬಿಡಿಸುವ ದ್ರವ ಸಿಂಪಡಿಸಿ ಊಟ ಮುಗಿಸಿ ಬಂದೆವು. ಇವರು ಹಳೆಯ ನಲ್ಲಿ ಪೈಪಿನ ತುಂಡನ್ನು ಪಾನಾದ ಹಿಡಿಗೆ ತೊಡಿಸಿ, ಕುರ್ಚಿಯಲ್ಲಿ ಕೂತೇ ಅದರ ತುದಿ ಹಿಡಿದರು. ನಾನು ಒಳಗಿನಿಂದ ಪಾನಾ ಜಾರದಂತೆ ಒತ್ತಿಕೊಂಡೆ. “ಶಿವಾ ಅಂತ ಅನ್ನು, ಎಳೀತೀನಿ” ಎಂದರು. ಅಂದೆ. ‘ಕಟಕ್’ ಎಂದು ಬಿಟ್ಟಿತು. ಅತ್ತೆ ಬಾಗಿಲಲ್ಲೇ ಕೈ ಮುಗಿದರು.

ಆಮೇಲೆ ತಳದ ನಟ್ಟು ಬಿಚ್ಚಿದೆ. ಟಬ್ಬಿಗೆ ಎಣ್ಣೆ ಇಳಿಯತೊಡಗಿತು. ಹೊಸ ಎಣ್ಣೆ ದಾಸವಾಳದ ಕೆಂಪು; ಇದು ಎರಡನೇ ಸಲ ಇಳಿಸಿದ ಡಿಕಾಕ್ಷನ್ನಿನ ಹಾಗೆ ಕಂದು. ಒಂದು ಹನಿಯನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬಿಟ್ಟು ಬಿಸಿಲಿಗೆ ಹಿಡಿದೆವು. ಲೋಹದ ಮಿಣುಕು ಕಾಣಲಿಲ್ಲ. ನಟ್ಟಿನ ತುದಿಯ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಕೆಸರು ಹತ್ತಿತ್ತು, ನೆನೆಸಿದ ವಿಭೂತಿಯ ಹಾಗೆ. ಬೆರಳಲ್ಲಿ ಉಜ್ಜಿದರೆ ಚೂರು ಸಿಗಲಿಲ್ಲ. ಫೋಟೊ ನೋಡಿದ ಮೈದುನ, “ಹಲ್ಲು ಗಟ್ಟಿ ಇದೆ ಅತ್ತಿಗೆ, ಬಾಯಿ ಕೊಳೆ ಆಗಿದೆ ಅಷ್ಟೇ” ಎಂದ. ಆ ಮಾತು ಕೇಳಿ ಇವರು ಕಾಫಿ ಕೇಳಿದರು. ರಾತ್ರಿಯೆಲ್ಲ ಪೂರ್ತಿ ತೊಟ್ಟಿಕ್ಕಿ ಇಳಿಯಲಿ ಎಂದು ಟಬ್ಬನ್ನು ಅಲ್ಲೇ ಬಿಟ್ಟೆವು.

ಮಾರನೆಯ ದಿನ ಶುಕ್ರವಾರ. ಎದ್ದು ಬಾಗಿಲು ತೆರೆದರೆ ಹೊಸ್ತಿಲ ಎದುರಿಗೇ ಕೊಳಕು ಎಣ್ಣೆಯ ಟಬ್ಬು. ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಒಂದು ಕಸದ ಕಡ್ಡಿ ಇದ್ದರೂ ನನ್ನ ಕೈ ಸುಮ್ಮನಿರುವುದಿಲ್ಲ. ತಳದ ನಟ್ಟು ಮುಚ್ಚಿ, ಟಬ್ಬಿನಲ್ಲಿದ್ದದ್ದನ್ನು ಹಿತ್ತಲಿಗೆ ಒಯ್ದು ಹಳೆಯ ಕ್ಯಾನಿಗೆ ಸುರಿದೆ. ಅದರಲ್ಲಿ ಮೊದಲೇ ಹಳೆಯ ಎಂಜಿನ್ ಎಣ್ಣೆ ಇತ್ತು. ಮನೆ ಕಟ್ಟುವ ಕಡೆ ಸೆಂಟ್ರಿಂಗ್ ಹಲಗೆಗೆ ಬಳಿಯಲು ಒಬ್ಬರು ಬಂದು ಒಯ್ಯುತ್ತಾರೆ. ಟಬ್ಬನ್ನು ಸಬೀನಾ ಪುಡಿ ಹಾಕಿ ಉಜ್ಜಿ ಬೋರಲು ಹಾಕಿ, ರಂಗೋಲಿ ಇಟ್ಟು, ಪೂಜೆಗೆ ಕೂತೆ. ಮನಸ್ಸಿಗೆ ಹಿತವಾಗಿತ್ತು.

ಮೈದುನ ಫೋನು ಮಾಡಿದ. “ಎಷ್ಟು ಇಳೀತು ಅತ್ತಿಗೆ? ಅಳತೆ ಹೇಳಿ. ಎಷ್ಟು ಇಳ್ದಿದೆಯೋ ಅಷ್ಟೇ ತುಂಬಣ.”

ನಾನು ಹಿತ್ತಲ ಕಡೆ ತಿರುಗಿ ನೋಡಿದೆ. ಟಬ್ಬು ಫಳಫಳ ಹೊಳೆಯುತ್ತಿತ್ತು.

ಇವರು ಫೋನು ಇಸಿದುಕೊಂಡು, “ಅಳತೆ ಎಲ್ಲಿ ಬಂತೋ! ಶುಕ್ರವಾರ ಅಲ್ವಾ, ನಿಮ್ಮತ್ತಿಗೆ ಮಡಿ ಮಾಡಿ ಇಟ್ಟವಳೆ” ಎಂದು ನಕ್ಕರು. ಆ ನಗು ಬಂದದ್ದೇ ಪುಣ್ಯ ಎಂದುಕೊಂಡೆ.

ಅಳತೆ ಕಳೆದುಹೋದ ಮೇಲೆ ಉಳಿದದ್ದು ಮಟ್ಟದ ನಟ್ಟು ಒಂದೇ. ಅದರ ಲೆಕ್ಕ ಹೀಗೆ: ಎಣ್ಣೆ ತುಂಬಿ, ಎಂಜಿನ್ ಶುರು ಮಾಡಿ, ಬ್ರೇಕ್ ತುಳಿದೇ ಗೇರಿನ ಹಿಡಿಯನ್ನು ಒಂದೊಂದೇ ಸ್ಥಾನಕ್ಕೆ ನಿಧಾನವಾಗಿ ಸರಿಸಿ ವಾಪಸು ಪಾರ್ಕಿಗೆ ತರಬೇಕು. ಅಷ್ಟು ಹೊತ್ತು ಗಾಡಿಯ ಕೆಳಗೆ ಯಾರೂ ಇರಕೂಡದು. ಎಣ್ಣೆ ಹದವಾಗಿ ಬಿಸಿಯಾದಾಗ, ಎಂಜಿನ್ ಓಡುತ್ತಿದ್ದ ಹಾಗೆಯೇ, ಮಟ್ಟದ ನಟ್ಟು ಬಿಚ್ಚಬೇಕು. ಹೆಚ್ಚಿದ್ದರೆ ಧಾರೆಯಾಗಿ ಬರುತ್ತದೆ, ಹನಿಯಾದಾಗ ಮುಚ್ಚಬೇಕು. ಏನೂ ಬಾರದಿದ್ದರೆ ಬರುವವರೆಗೆ ಮೇಲಿನಿಂದ ಹಾಕಬೇಕು. ತಣ್ಣಗಿದ್ದಾಗಲೂ ತೀರಾ ಕುದಿಯುವಾಗಲೂ ನೋಡಿದರೆ ಲೆಕ್ಕ ತಪ್ಪುತ್ತದೆ. ಬಿಸಿ ನೋಡಲು ನಮ್ಮಲ್ಲಿದ್ದದ್ದು ಕೊರೊನಾ ಕಾಲದಲ್ಲಿ ತಂದ, ಹಣೆಗೆ ಹಿಡಿಯುವ ಥರ್ಮಾಮೀಟರು. ಅದರಲ್ಲಿ ವಸ್ತುಗಳ ಶಾಖ ನೋಡುವ ಇನ್ನೊಂದು ಗುಂಡಿಯೂ ಇರುವುದನ್ನು ಇವರು ಕಂಡುಹಿಡಿದರು. ನಾನು ಅದನ್ನು ಗೇರ್‌ಬಾಕ್ಸಿನ ಹೊಟ್ಟೆಗೆ ಹಿಡಿದಾಗ ಅತ್ತೆ, “ಗಾಡಿಗೂ ಜ್ವರ ನೋಡ್ತೀಯೇನೇ?” ಎಂದರು.

ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು, ಅದರ ತುದಿಗೆ ಸೀಮೆಎಣ್ಣೆಯ ಹಳೆಯ ಲಾಳಿಕೆ. ಅಂದಾಜಿನ ಮೇಲೆ ತುಂಬಿದೆವು, ಬಿಸಿ ಮಾಡಿದೆವು. ಮಟ್ಟದ ನಟ್ಟು ಬಿಚ್ಚಿದ ಕೂಡಲೇ ಕೆಂಪು ಎಣ್ಣೆ ಧಾರೆಯಾಗಿ ಬಂತು, ನೋಡನೋಡುತ್ತ ಹನಿಯಾಯಿತು. ಮುಚ್ಚಿದೆ. “ಆಯ್ತು ಕಣ್ರೀ!” ಎಂದು ಗಾಡಿಯ ಕೆಳಗಿನಿಂದಲೇ ಕೂಗಿದೆ. ಇಷ್ಟು ಸಲೀಸೇ ಎಂದು ಅನುಮಾನ ಬರಬೇಕಿತ್ತು, ಬರಲಿಲ್ಲ.

ಇವರು ಹಿಡಿ ಎಳೆದರು. ಮೌನ. ಮೊದಲಿಗಿಂತ ಉದ್ದದ ಮೌನ. ಆಮೇಲೆ ಢಕ್. ಬೀದಿಯ ತುದಿಯ ಏರಿನಲ್ಲಿ ಎಂಜಿನ್ ಕಿರುಚಿದರೂ ಗಾಡಿ ತೆವಳಿತು. ವಾಪಸು ತಂದು ನಿಲ್ಲಿಸಿ ಕೀಲಿಯನ್ನು ನನ್ನ ಕೈಗಿಟ್ಟು, ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಕಿಟಕಿಯ ಪಕ್ಕದ ಅದೇ ಕುರ್ಚಿ.

ಶನಿವಾರವೂ ಎದ್ದು ಹೊರಗೆ ಹೋಗಲಿಲ್ಲ. ಪೆಟ್ಟಿಗೆಗಳನ್ನು ಬಾಡಿಗೆ ಆಟೊದಲ್ಲಿ ಕಳಿಸಿದರು. ಸಂಜೆ ಬ್ರೋಕರಿಗೆ ತಾವೇ ಫೋನು ಮಾಡಿ, “ಸೋಮವಾರ ಬಾ ಗುರು, ಮುಗಿಸ್ಬಿಡಣ” ಎಂದರು.

“ಭಾನುವಾರ ಒಂದು ದಿನ ಕೊಡ್ರೀ” ಎಂದೆ.

“ಏನ್ ಮಾಡ್ತೀಯ ಭಾನುವಾರ?”

“ಗೊತ್ತಿಲ್ಲ.”

“ಗೊತ್ತಿಲ್ದೇ ಇರೋದಕ್ಕೆ ಇಷ್ಟು ಧೈರ್ಯವಾಗಿ ಕೇಳ್ತೀಯಲ್ಲೇ.”

ನಿಜವಾಗಿ ಗೊತ್ತಿರಲಿಲ್ಲ. ಎಲ್ಲವನ್ನೂ ಹೇಳಿಕೊಟ್ಟ ಹಾಗೇ ಮಾಡಿದ್ದೆವು. ದೇವರ ಮುಂದೆ ನಿಂತಾಗ ಬೇರೇನೂ ಕೇಳಲಿಲ್ಲ. ಎಲ್ಲಿ ತಪ್ಪಿದೆ ತೋರಿಸಿಬಿಡು, ಮಿಕ್ಕದ್ದನ್ನು ನಾನು ಮಾಡಿಕೊಳ್ಳುತ್ತೇನೆ ಎಂದೆ.

ಭಾನುವಾರ ಬೆಳಿಗ್ಗೆ ಎಂದಿನಂತೆ ಹೊಸ್ತಿಲು ತೊಳೆದು ಅಂಗಳಕ್ಕೆ ಒಂದು ಬಕೆಟ್ ನೀರು ಚೆಲ್ಲಿದೆ. ನೀರು ಪಿಕಪ್ಪಿನ ಮುಂದಿನ ಚಕ್ರ ದಾಟಿ, ಹೊಟ್ಟೆಯ ಕೆಳಗೆ ಓಡಿ, ಹಿಂದಿನ ಚಕ್ರಗಳ ಹತ್ತಿರ ಒಂದುಗೂಡಿ ಮೋರಿಗೆ ಇಳಿಯಿತು. ದಿನಾ ಹಾಗೇ ಇಳಿಯುತ್ತದೆ. ಇಳಿಯಲೇಬೇಕು. ಈ ಅಂಗಳಕ್ಕೆ ಸಿಮೆಂಟು ಹಾಕುವಾಗ, ಹೊಸ್ತಿಲ ಮುಂದೆ ನೀರು ನಿಲ್ಲಬಾರದು ಎಂದು ಮೇಸ್ತ್ರಿಯ ತಲೆ ತಿಂದು ಇಳಿಜಾರು ಕೊಡಿಸಿದವಳು ನಾನೇ.

ಪೊರಕೆ ಕೈಯಲ್ಲಿ ಹಿಡಿದೇ ನಿಂತುಬಿಟ್ಟೆ. ನೀರು ಹಿಂದಕ್ಕೆ ಹೋಗುವುದಾದರೆ ಎಣ್ಣೆಯೂ ಹಿಂದಕ್ಕೇ ಹೋಗುತ್ತದಲ್ಲ! ಮಟ್ಟದ ನಟ್ಟು ಇರುವುದು ಹಿಂಬದಿಯಲ್ಲಿ. ಎಣ್ಣೆಯೆಲ್ಲ ಆ ಕಡೆ ಒಟ್ಟಾಗಿ, ತುಂಬುವ ಮೊದಲೇ ತುಂಬಿದೆ ಎಂದು ಧಾರೆ ಸುರಿಸಿತ್ತು. ನಾವು ಅದನ್ನು ನಂಬಿ, ಗೇರ್‌ಬಾಕ್ಸನ್ನು ಅರೆಹೊಟ್ಟೆಯಲ್ಲಿ ಓಡಿಸಿದ್ದೆವು.

“ರೀ! ಬನ್ನಿ ಈಚೆಗೆ! ಗಾಡಿ ಇಳಿಜಾರಲ್ಲಿದೆ!”

“ಓಡ್ತಾ ಇದೆಯಾ?” ಎಂದು ಗಾಬರಿಯಲ್ಲಿ ಕೋಲು ಹುಡುಕುತ್ತ ಬಂದರು. ಇನ್ನೊಂದು ಬಕೆಟ್ ನೀರು ಸುರಿದು ತೋರಿಸಿದೆ. ನೀರಿನ ಹಿಂದೆ ಅವರ ಕಣ್ಣೂ ಓಡಿತು. ಮೋರಿಯವರೆಗೂ ನೋಡಿ, “ಅಯ್ಯೋ ನಮ್ಮ ಬುದ್ಧಿಗಿಷ್ಟು!” ಎಂದು ಹಣೆ ಚಚ್ಚಿಕೊಂಡರು. ಫೋನಿನಲ್ಲಿ ಮೈದುನ, “ಗಾಡಿ ಸಮ ಇರ್ಬೇಕು ಅಂತ ನಾನೂ ಹೇಳ್ಲಿಲ್ಲ ಅಲ್ವಾ? ನಮ್ ಫ್ಯಾಕ್ಟ್ರೀಲಿ ನೆಲ ಸಮಾನೇ ಇರತ್ತೆ, ಆ ಯೋಚ್ನೇನೇ ಬರ್ಲಿಲ್ಲ ಕಣತ್ತಿಗೆ” ಎಂದ.

ಮೇಸ್ತ್ರಿಗಳು ಮಟ್ಟ ನೋಡುವುದು ನೀರು ತುಂಬಿದ ಟ್ಯೂಬಿನಲ್ಲಿ. ಎಣ್ಣೆ ಹಾಕಲು ತಂದ ಟ್ಯೂಬಿನಲ್ಲಿ ಇನ್ನೂ ಒಂದು ಮಾರು ಬಳಸದೆ ಉಳಿದಿತ್ತು. ಸಾಲದ್ದಕ್ಕೆ ಅಂಗಡಿ ತೆರೆಸಿ ಇನ್ನಷ್ಟು ತಂದು ಜೋಡಿಸಿದೆವು. ನೀರು ತುಂಬಿ ಒಂದು ತುದಿಯನ್ನು ಇವರು ಮುಂದಿನ ಬಾಗಿಲ ಕೆಳಗಿನ ಅಂಚಿಗೆ, ಇನ್ನೊಂದನ್ನು ನಾನು ಹಿಂದಿನ ಸೀಟಿನ ಬಾಗಿಲ ಕೆಳಗಿನ ಅಂಚಿಗೆ ಹಿಡಿದೆವು. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತೇ ಇದ್ದರು. ಕುರ್ಚಿ ತರಲೇ ಎಂದರೆ ಬೇಡ ಎಂದರು. ಹಿಂದುಗಡೆ ತಗ್ಗಿತ್ತು. ಪೆಟ್ಟಿಗೆ ಇಡುವ ಗೋಡೌನಿನಿಂದ ಪ್ಯಾಲೆಟ್ಟಿನ ದಪ್ಪ ಹಲಗೆಗಳನ್ನು ತಂದು ಹಿಂದಿನ ಚಕ್ರಗಳ ಎದುರಿಗಿಟ್ಟೆ; ಇವರು ಗಾಡಿಯನ್ನು ಮೆಲ್ಲಗೆ ಅವುಗಳ ಮೇಲೆ ಹತ್ತಿಸಿದರು. ಮತ್ತೆ ಟ್ಯೂಬು ಹಿಡಿದು ನೋಡಿ, ಇನ್ನೊಂದು ಹಲಗೆ ಸೇರಿಸಿದ ಮೇಲೆ ಎರಡೂ ಕಡೆ ನೀರು ಅಂಚಿಗೆ ಸಮ ನಿಂತಿತು. ಚಕ್ರಗಳಿಗೆ ಹಿಂದೆಮುಂದೆ ಕಲ್ಲು ಕೊಟ್ಟು, ನಾನೇ ಒದ್ದು ನೋಡಿದೆ.

ಈಗ ಮೂವರಿಗೂ ಕೆಲಸ. ಇವರು ಸೀಟಿನಲ್ಲಿ, ಕಾಲು ಬ್ರೇಕಿನ ಮೇಲೆ. ನಾನು ಕೆಳಗೆ. ತುಂಬುವ ಬಾಯಿಗೆ ಸಿಕ್ಕಿಸಿದ ಟ್ಯೂಬಿನ ಲಾಳಿಕೆ ಹಿಡಿದು ಎಣ್ಣೆ ಹೊಯ್ಯಲು ಅತ್ತೆ. ಹಿಡಿಯನ್ನು ಎಲ್ಲ ಸ್ಥಾನಕ್ಕೂ ಸರಿಸಿ ಪಾರ್ಕಿಗೆ ತಂದು, “ಬಾ ಈಗ” ಎಂದು ಇವರು ಕರೆದ ಮೇಲೆ ನಾನು ತೂರಿದೆ. ಜ್ವರ ನೋಡಿದೆ, ಹದವಾಗಿತ್ತು. ಮಟ್ಟದ ನಟ್ಟು ಬಿಚ್ಚಿದೆ.

ಒಂದು ಹನಿಯೂ ಬರಲಿಲ್ಲ.

ಇಷ್ಟು ಸಂತೋಷದ ಸುದ್ದಿಯನ್ನು ನಾನು ಈಚೆಗೆ ಕೇಳಿದ್ದಿಲ್ಲ. “ಬರ್ತಿಲ್ಲ ಕಣ್ರೀ! ಖಾಲಿ ಇದೆ! ಅತ್ತೆ, ಹಾಕಿ!”

“ಸಾಕಾ?”

“ಇನ್ನೂ ಹಾಕಿ.”

“ಒಂದು ಚೊಂಬು ಆಯ್ತಲ್ಲೇ, ಇದಕ್ಕೇನು ಹೊಟ್ಟೆನಾ, ಬಾವಿನಾ?”

“ನಿಧಾನ ಅತ್ತೆ, ನಿಧಾನ.”

ಅತ್ತೆ ಎರಡನೇ ಚೊಂಬು ಎತ್ತಿದ ಮೇಲೆ ಮಟ್ಟದ ಬಾಯಲ್ಲಿ ಕೆಂಪು ಮಿನುಗಿತು, ಧಾರೆ ಕಟ್ಟಿತು. “ಸಾಕು” ಎಂದೆ. ಎಂಜಿನ್ನಿನ ಸದ್ದಿನ ನಡುವೆ ಆ ಧಾರೆಯನ್ನೇ ನೋಡುತ್ತ ಮಲಗಿದ್ದೆ. ನಮ್ಮ ದೇವಸ್ಥಾನದಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಅದೆಷ್ಟು ಸೋಮವಾರ ನೋಡಿದ್ದೇನೋ. ತುಂಬಿದಾಗ ನೂಲಿನ ಹಾಗೆ ಬೀಳುತ್ತದೆ, ಆಮೇಲೆ ನೂಲು ಸಣ್ಣಗಾಗಿ ನಡುಗಿ ತುಂಡಾಗುತ್ತದೆ, ಹನಿ ಹನಿಯಾಗುತ್ತದೆ. ಇದೂ ಹಾಗೇ ನಡುಗಿತು, ತುಂಡಾಯಿತು, ಹನಿಯಾಯಿತು. ನಟ್ಟು ತಿರುಗಿಸಿದೆ. ಕೈಗೆ ಅವಸರ ಇರಲಿಲ್ಲ.

ತುಂಬುವ ಬಾಯನ್ನೂ ಬಿಗಿದು ಈಚೆ ಬಂದಾಗ ಅತ್ತೆಯ ಮುಂಗೈಯೆಲ್ಲ ಕೆಂಪಾಗಿತ್ತು. ಗೊರಂಟಿ ಹಚ್ಚಿದ ಹಾಗಿದೆ ಎಂದು ಇವರು ರೇಗಿಸಿದರು.

ಮಧ್ಯಾಹ್ನ ಇಬ್ಬರೂ ಗಾಡಿ ಹತ್ತಿದೆವು. ಮೊದಲು ಗಲ್ಲಿಗಳಲ್ಲಿ ನಿಧಾನ ಸುತ್ತಿದರು, ಆಮೇಲೆ ತುಮಕೂರು ರಸ್ತೆಗೆ ಇಳಿದರು. ಪೀಣ್ಯದ ಫ್ಲೈಓವರ್ ಏರುವಾಗ ನಾನು ಕರಡಿಗೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಎಂಜಿನ್ ಕಿರುಚಲಿಲ್ಲ, ಗಾಡಿ ನಡುಗಲಿಲ್ಲ. ಮೇಲೆ ಹೋದ ಮೇಲೆ ಇವರು ಪಕ್ಕದ ಮೆಟ್ರೊ ತೋರಿಸಿ, “ಅದಕ್ಕಿಂತ ಮೊದ್ಲು ಹೋಗ್ಲಾ?” ಎಂದರು.

“ಸುಮ್ನೆ ಓಡ್ಸಿ” ಎಂದೆ.

ಮೈದುನ ಪೂರ್ತಿ ನಿಶ್ಚಿಂತೆ ಕೊಡಲಿಲ್ಲ. ಒಂದು ಸಲ ಇಳಿಸಿದರೆ ಎಲ್ಲ ಎಣ್ಣೆಯೂ ಬರುವುದಿಲ್ಲ, ಗೇರ್‌ಬಾಕ್ಸಿನ ಒಳಮೂಲೆಗಳಲ್ಲಿ ಹಳೆಯದು ಉಳಿದೇ ಇರುತ್ತದೆ. ಸ್ವಲ್ಪ ದಿನ ಓಡಿಸಿ ಇನ್ನೊಂದು ಸಲ ಬದಲಾಯಿಸಿದರೆ ಒಳ್ಳೆಯದು ಎಂದ. ಆಗಲಿ. ಹಲಗೆಗಳನ್ನು ಹಿತ್ತಲಲ್ಲಿ ಒರಗಿಸಿ ಇಟ್ಟಿದ್ದೇನೆ. ಈ ಸಲ ಶುಕ್ರವಾರದ ಹಿಂದಿನ ದಿನ ಇಳಿಸುವುದಿಲ್ಲ.

ಸೋಮವಾರ ಬೆಳಿಗ್ಗೆ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕೂತೆ. ಕಿಟಕಿಯಾಚೆ ಬ್ರೋಕರ್ ಸ್ಕೂಟರ್ ನಿಲ್ಲಿಸಿದ ಸದ್ದು.

“ಅಣ್ಣ, ಗಾಡಿ ಒಂದು ರೌಂಡ್ ನೋಡ್ಲಾ?”

“ನೋಡೋದೇನೂ ಇಲ್ಲ ಗುರು. ಪೆಟ್ಟಿಗೆ ಲೋಡಾಗಿದೆ, ಆಗ್ಲೇ ತಡ ಆಯ್ತು. ಸ್ಕೂಟರ್ ಸ್ವಲ್ಪ ಆಕಡೆ ಹಾಕು, ಹಿಂದಕ್ಕೆ ತೆಗೀಬೇಕು.”

ಎಂಜಿನ್ ಶುರುವಾಯಿತು. ಇವರು ಕೆಮ್ಮಿದರು. ಹಿಡಿ ಎಳೆದದ್ದು ಕೇಳಿಸಿತು. ಅಭ್ಯಾಸಬಲ, ನಾನು ಕಣ್ಣು ಮುಚ್ಚಿಕೊಂಡೇ ಢಕ್‌ಗೆ ಕಾದೆ. ಕಾಯುತ್ತಲೇ ಇದ್ದೆ. ಎಲ್ಲಿ ಹೋಯಿತು ಎಂದು ಕಣ್ಣು ತೆರೆದು ನೋಡಿದರೆ ಅಂಗಳ ಖಾಲಿ, ಗೇಟು ತೆರೆದಿತ್ತು, ಗಾಡಿ ಆಗಲೇ ಬೀದಿಯ ತಿರುವು ದಾಟಿತ್ತು. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಅತ್ತೆ ಒಗೆದ ಬಟ್ಟೆ ಮಡಿಸಿ ಇಟ್ಟಿದ್ದರು.

ಮತ್ತೆ ಕಣ್ಣು ಮುಚ್ಚಿ ಪೂಜೆಯನ್ನು ಮೊದಲಿನಿಂದ ಶುರು ಮಾಡಿದೆ.